ಹಸಿ ಊಟಕ್ಕೆ ಸ್ಪಿರುಲಿನಾ, ಕ್ಲೋರೆಲ್ಲಾ ಸೇರಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಬೇಯಿಸದ ಆಹಾರದ ರೂಢಿಗೆ ಬಂದವರಿಗಾಗಿ ಈ ಪುಟ. ದಿನಕ್ಕೆ ಒಂದು ಹೊತ್ತು ಹಸಿ ತಿನ್ನುವವರಿಗೂ ಪೂರ್ತಿ ಹಸಿಗೆ ಹೊರಳಿದವರಿಗೂ ಇದು ಅನ್ವಯಿಸುತ್ತದೆ. ಸ್ಪಿರುಲಿನಾ, ಕ್ಲೋರೆಲ್ಲಾ ಎಂಬ ಪಾಚಿ ಪುಡಿಯನ್ನು ನೋಡಿ ಕೊಂಡು, ಅಳೆದು ಬಳಸಿದರೆ ಉಪಯೋಗವಿದೆ. ಆದರೆ ಹಸಿ ಆಹಾರದಲ್ಲಿ ನಿಜಕ್ಕೂ ಕೊರತೆಯಾಗುವ ಕೆಲವು ಪೋಷಕಾಂಶಗಳು ಅದರಲ್ಲಿಲ್ಲ. ಇದನ್ನು ತಿಳಿಯದೆ ದುಡ್ಡನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವುದು ಬೇಡ ಎಂದೇ ಕೆಲವು ಉತ್ತರಗಳನ್ನು ಉದ್ದಕ್ಕೆ ಬರೆದಿದ್ದೇವೆ.

ಸ್ಪಿರುಲಿನಾ, ಕ್ಲೋರೆಲ್ಲಾ ಎರಡೂ ಒಂದೇನಾ?

ಅಲ್ಲ. ಸ್ಪಿರುಲಿನಾ ನೀಲಿ-ಹಸಿರು ಪಾಚಿ. ಶಾಸ್ತ್ರೀಯವಾಗಿ ಅದು ಬ್ಯಾಕ್ಟೀರಿಯಾದ ಗುಂಪಿಗೆ ಸೇರುತ್ತದೆ, ಹೆಸರು ಆರ್ಥ್ರೋಸ್ಪೈರಾ. ಸುರುಳಿ ಎಳೆಯ ಆಕಾರ. ಕ್ಷಾರ ಹೆಚ್ಚಿರುವ ಬಿಸಿ ನೀರಿನ ಕೆರೆಗಳಲ್ಲಿ ತಾನಾಗಿ ಬೆಳೆಯುತ್ತದೆ. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನವರು ಇದನ್ನು ಸೋಸಿ ಒಣಗಿಸಿ ತಲೆತಲಾಂತರದಿಂದ ತಿನ್ನುತ್ತಿದ್ದಾರೆ. ಇದರ ಕೋಶದ ಹೊರಪದರ ಮೆತ್ತಗಿರುವುದರಿಂದ ಹಾಗೇ ತಿಂದರೂ ಜೀರ್ಣವಾಗುತ್ತದೆ.

ಕ್ಲೋರೆಲ್ಲಾ ಸಿಹಿನೀರಿನ ಹಸಿರು ಪಾಚಿ, ಗುಂಡನೆಯ ಒಂಟಿ ಕೋಶ. ಅದರ ಕೋಶಭಿತ್ತಿ ಬಹಳ ಗಟ್ಟಿ, ನಮ್ಮ ಹೊಟ್ಟೆ ಅದನ್ನು ಒಡೆಯಲಾರದು. ಆದ್ದರಿಂದ ಲೇಬಲ್ ಮೇಲೆ ‘ಕೋಶಭಿತ್ತಿ ಒಡೆದದ್ದು’ ಎಂಬ ಅರ್ಥದ ಸಾಲು ಇದ್ದರೆ ಮಾತ್ರ ಕೊಳ್ಳಿ. ಈ ಒಡೆಯುವ ಕೆಲಸ ಸಾಮಾನ್ಯವಾಗಿ ಯಂತ್ರದಲ್ಲಿ ಅರೆದು ಅಥವಾ ಒತ್ತಡ ಹಾಕಿ ನಡೆಯುತ್ತದೆ.

ಅಂಗಡಿಯಲ್ಲಿ ಕಾಣುವ ಮೂರನೆಯದು ಅಮೆರಿಕದ ಕ್ಲಾಮತ್ ಸರೋವರದಿಂದ ಸಂಗ್ರಹಿಸುವ ನೀಲಿ-ಹಸಿರು ಪಾಚಿ. ಅದು ತೊಟ್ಟಿಯಲ್ಲಿ ಬೆಳೆಸಿದ್ದಲ್ಲ, ಬಯಲು ಸರೋವರದ್ದು. ಬೇರೆ ವಿಷಪಾಚಿ ಬೆರೆತು ಬರುವ ಅಪಾಯ ಅದರಲ್ಲಿ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಡ್ಯಾಮಿನ ನೀರು ಹಸಿರಾಗುತ್ತದಲ್ಲ, ಅದೂ ಇದೇ ಪಾಚಿನಾ? ಸೋಸಿ ಒಣಗಿಸಿದರೆ ಆಗುತ್ತಾ?

ಖಂಡಿತ ಮಾಡಬೇಡಿ. ತುಂಗಭದ್ರಾ ಜಲಾಶಯದ ಹಿನ್ನೀರು ಕೆಲವು ವರ್ಷ ಬಣ್ಣ ಹಚ್ಚಿದಂತೆ ಹಸಿರಾಗುತ್ತದೆ. ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿ ಸಾರಜನಕ, ರಂಜಕ ಹೆಚ್ಚಾದ ನಿಂತ ನೀರಿನಲ್ಲಿ ಬಿಸಿಲು ಬಿದ್ದಾಗ ಹೀಗಾಗುತ್ತದೆ. ಇಂಥ ನೀರಿನಲ್ಲಿ ಹಬ್ಬುವುದು ಸಾಮಾನ್ಯವಾಗಿ ಮೈಕ್ರೋಸಿಸ್ಟಿಸ್ ಜಾತಿಯ ನೀಲಿ-ಹಸಿರು ಪಾಚಿ. ಅದು ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸಬಲ್ಲದು, ಆ ವಿಷ ನೇರವಾಗಿ ಯಕೃತ್ತಿಗೆ ಹೊಡೆತ ಕೊಡುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕುದಿಸಿದರೂ ಹೋಗುವುದಿಲ್ಲ. ಬಣ್ಣ ನೋಡಿ ಒಳ್ಳೆ ಪಾಚಿ, ಕೆಟ್ಟ ಪಾಚಿ ಎಂದು ಯಾರಿಂದಲೂ ಹೇಳಲಾಗದು. ಕೆರೆ, ಕಾಲುವೆ, ಬಾವಿಯ ಪಾಚಿಗೂ ಇದೇ ಮಾತು.

ಪ್ಯಾಕೆಟ್ಟಿನ ಪುಡಿ ನಿಜವಾಗಿ ‘ಹಸಿ’ನಾ?

ಹಸಿ ಆಹಾರದವರು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಸೆಲ್ಸಿಯಸ್ ಒಳಗಿನ ಬಿಸಿಯನ್ನು ಗಡಿ ಎಂದು ಇಟ್ಟುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಮಾರುಕಟ್ಟೆಯ ಹೆಚ್ಚಿನ ಸ್ಪಿರುಲಿನಾ ಪುಡಿ ಹಸಿಯಲ್ಲ. ಕಾರ್ಖಾನೆಯಲ್ಲಿ ಅದನ್ನು ತುಂತುರು ಮಾಡಿ ಬಿಸಿಗಾಳಿಗೆ ಒಡ್ಡಿ ಒಣಗಿಸುತ್ತಾರೆ. ಒಳಬರುವ ಗಾಳಿ 150 ಡಿಗ್ರಿಗೂ ಮೇಲಿರುತ್ತದೆ. ಪಾಚಿಯ ಕಣ ಆ ಬಿಸಿಯಲ್ಲಿ ಇರುವುದು ಕೆಲವೇ ಸೆಕೆಂಡು, ಕಣದ ಬಿಸಿಯೂ ಅಷ್ಟು ಏರುವುದಿಲ್ಲ. ಆದರೂ 48 ಡಿಗ್ರಿಯನ್ನು ದಾಟುತ್ತದೆ.

ಕಟ್ಟುನಿಟ್ಟಾಗಿ ಪಾಲಿಸುವವರು ಶಾವಿಗೆಯಂತೆ ಒತ್ತಿ ಕಡಿಮೆ ಬಿಸಿಯಲ್ಲಿ ಒಣಗಿಸಿದ ಎಳೆಗಳನ್ನು, ಇಲ್ಲವೇ ಹೆಪ್ಪುಗಟ್ಟಿಸಿ ಒಣಗಿಸಿದ ಪುಡಿಯನ್ನು ಕೇಳಿ ಪಡೆಯಬೇಕು. ಶಾವಿಗೆ ಎಳೆ ಕರುಮುರು ಎನ್ನುತ್ತದೆ, ವಾಸನೆಯೂ ಕಡಿಮೆ. ‘ಬಿಸಿಲಲ್ಲಿ ಒಣಗಿಸಿದ್ದು’ ಎಂದರೆ ಹಸಿ ಎಂದು ನಂಬಬೇಡಿ. ವೈಶಾಖದಲ್ಲಿ ರಾಯಚೂರಿನ ನೆರಳಿನ ಗಾಳಿಯೇ 42-43 ಡಿಗ್ರಿ ಮುಟ್ಟುತ್ತದೆ. ತಗಡಿನ ಮೇಲೆ ಹರವಿದ್ದು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ.

ಬಿಸಿಯಿಂದ ಮೊದಲು ಕೆಡುವುದು ಫೈಕೋಸಯಾನಿನ್ ಎಂಬ ನೀಲಿ ಬಣ್ಣದ ಪ್ರೋಟೀನ್. 45-50 ಡಿಗ್ರಿ ದಾಟಿದಂತೆ ಅದು ಬೇಗ ಬೇಗ ಹಾಳಾಗುತ್ತದೆ. ಕಬ್ಬಿಣ, ಒಟ್ಟು ಪ್ರೋಟೀನ್, ಖನಿಜಗಳಿಗೆ ಅಷ್ಟು ಪೆಟ್ಟಿಲ್ಲ. ಹಾಗಾಗಿ ಸಾಧಾರಣ ಪುಡಿ ತಿಂದರೆ ಎಲ್ಲವೂ ವ್ಯರ್ಥ ಎಂದೇನಲ್ಲ.

ಎಷ್ಟು ತಗೋಬೇಕು, ಹೇಗೆ ಶುರು ಮಾಡಬೇಕು?

ಆರೋಗ್ಯವಂತ ವಯಸ್ಕರು ಮೊದಲ ವಾರ ದಿನಕ್ಕೆ ಅರ್ಧ ಗ್ರಾಂ, ಅಂದರೆ 500 ಮಿಲಿಗ್ರಾಂನ ಒಂದು ಮಾತ್ರೆ. ಎರಡನೇ ವಾರ 1 ಗ್ರಾಂ. ಮೂರನೇ ವಾರದಿಂದ 2, ಆಮೇಲೆ 3 ಗ್ರಾಂ. ಅಲ್ಲಿಗೇ ನಿಲ್ಲಿಸಿದರೂ ಸಾಕು. 5 ಗ್ರಾಂ ದಾಟುವ ಅಗತ್ಯ ಮನೆಬಳಕೆಯಲ್ಲಿ ಇಲ್ಲ. ಕ್ಲೋರೆಲ್ಲಾಗೂ ಇದೇ ಏರಿಕೆ, ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ. ಏನಾದರೂ ಆಗಿಬರದಿದ್ದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಒಂದಕ್ಕೆ ಕನಿಷ್ಠ ಮೂರು ವಾರ ಕೊಟ್ಟು ಇನ್ನೊಂದಕ್ಕೆ ಕೈಹಾಕಿ.

ಪುಡಿಯಾದರೆ ಮಟ್ಟಸ ಒಂದು ಟೀ ಚಮಚ ಸುಮಾರು ಎರಡೂವರೆಯಿಂದ ಮೂರು ಗ್ರಾಂ ತೂಗುತ್ತದೆ. ಗೋಪುರ ಮಾಡಿ ತುಂಬಿದರೆ ಐದಕ್ಕೂ ಹೋಗುತ್ತದೆ. ‘ದಿನಕ್ಕೆ ಒಂದು ಚಮಚ’ ಎಂಬ ಮಾತಿನಲ್ಲೇ ಬಹಳ ಜನ ತಪ್ಪುತ್ತಾರೆ. ಮನೆಯಲ್ಲಿ ಊಟದ ಚಮಚದಲ್ಲಿ ಅಳೆದು, ಮೊದಲ ದಿನವೇ ಏಳೆಂಟು ಗ್ರಾಂ ಹೊಟ್ಟೆಗೆ ಹಾಕಿ, ವಾಕರಿಕೆ ಬಂತೆಂದು ಪ್ಯಾಕೆಟ್ ಎಸೆಯುತ್ತಾರೆ. ಬಂಗಾರದಂಗಡಿಯ ತಕ್ಕಡಿ ಬೇಕಿಲ್ಲ, ಔಷಧದ ಜೊತೆ ಬರುವ 5 ಮಿಲಿಲೀಟರಿನ ಅಳತೆ ಚಮಚ ಸಾಕು. ಮೊದಲಿಗೆ ಅದರ ಕಾಲು ಭಾಗ.

ಬೆಳಿಗ್ಗೆ ಅಥವಾ ಮಧ್ಯಾಹ್ನ, ಊಟದ ಜೊತೆಗೆ ತಗೊಳ್ಳಿ. ಬರಿಹೊಟ್ಟೆಯಲ್ಲಿ ಕೆಲವರಿಗೆ ಹೊಟ್ಟೆ ತೊಳಸಿದಂತಾಗುತ್ತದೆ, ಉಪವಾಸದ ದಿನ ಬಿಟ್ಟರೂ ನಡೆಯುತ್ತದೆ. ನೀರು ಧಾರಾಳ ಕುಡಿಯಿರಿ.

ಇದನ್ನು ತಿಂದರೆ ಪ್ರೋಟೀನ್ ಚಿಂತೆ ತಪ್ಪುತ್ತಾ?

ತಪ್ಪುವುದಿಲ್ಲ. ಒಣ ಸ್ಪಿರುಲಿನಾದ ನೂರು ಗ್ರಾಂನಲ್ಲಿ ಹೆಚ್ಚುಕಡಿಮೆ 57 ಗ್ರಾಂ ಪ್ರೋಟೀನ್ ಇದೆ, ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಈ ಲೆಕ್ಕವನ್ನೇ. ಆದರೆ ನೀವು ತಿನ್ನುವುದು ನೂರು ಗ್ರಾಂ ಅಲ್ಲ, ಮೂರು ಗ್ರಾಂ. ಅದರಲ್ಲಿ ಬರುವುದು 1.7 ಗ್ರಾಂ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಪ್ರಕಾರ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕೆ.ಜಿ.ಯ ಹೆಂಗಸಿಗೆ ಸುಮಾರು 46 ಗ್ರಾಂ ಬೇಕು.

ಇದೇ 50 ಗ್ರಾಂ ಒಣ ಹೆಸರುಕಾಳು ಮೊಳಕೆ ಕಟ್ಟಿದರೆ 11-12 ಗ್ರಾಂ ಸಿಗುತ್ತದೆ. 50 ಗ್ರಾಂ ಶೇಂಗಾದಲ್ಲಿ 12-13 ಗ್ರಾಂ. ದುಡ್ಡಿನ ಲೆಕ್ಕವನ್ನೂ ಹಾಕಿ ನೋಡಿ. ಪುಡಿ ನೂರು ಗ್ರಾಂಗೆ 400 ರೂಪಾಯಿ ಎಂದಿಟ್ಟುಕೊಂಡರೆ ಒಂದು ಗ್ರಾಂ ಪ್ರೋಟೀನಿಗೆ 7 ರೂಪಾಯಿ ಬಿತ್ತು. ಶೇಂಗಾ ಕಿಲೋಗೆ 140 ರೂಪಾಯಿ ಎಂದುಕೊಂಡರೆ ಅರವತ್ತು ಪೈಸೆಯೂ ಬೀಳುವುದಿಲ್ಲ. ಹಸಿ ಆಹಾರದಲ್ಲಿ ತೂಕ ಇಳಿದು ನಿತ್ರಾಣವಾಗುವವರಿಗೆ ಬೇಕಾದದ್ದು ಇನ್ನೊಂದು ಚಮಚ ಹಸಿರು ಪುಡಿ ಅಲ್ಲ, ಇನ್ನೊಂದು ಬಟ್ಟಲು ಕಾಳು, ಎಳ್ಳು, ಕೊಬ್ಬರಿ.

ಕಾಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೆಸರು, ಮಡಿಕೆ ಮೊಳಕೆ ಹಸಿಯಾಗಿ ಸರಿ. ರಾಜ್ಮಾವನ್ನು ಮೊಳಕೆ ಕಟ್ಟಿದರೂ ಹಸಿ ತಿನ್ನಬಾರದು, ಅದರ ಲೆಕ್ಟಿನ್‌ನಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿಯುತ್ತದೆ. ಸೋಯಾ, ಅವರೆ ಕೂಡ ಹಸಿ ಬೇಡ. ಬೂಸಲು ಹಿಡಿದ, ಕಮಟು ಶೇಂಗಾ ಒಂದು ಕಾಳೂ ಬೇಡ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಸಲಿನ ವಿಷ ಇರಬಹುದು.

ಸ್ಪಿರುಲಿನಾದಾಗ ಬಿ12 ಐತಿ ಅಂತಾರ, ಖರೇನಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಹುಸಿ ಬಿ12. ರಚನೆಯಲ್ಲಿ ಬಿ12 ಅನ್ನೇ ಹೋಲುತ್ತದೆ, ಆದರೆ ನಮ್ಮ ದೇಹಕ್ಕೆ ಅದರಿಂದ ಪ್ರಯೋಜನವಿಲ್ಲ. ಲೇಬಲ್ಲಿನಲ್ಲಿ ದೊಡ್ಡ ಅಂಕಿ ಕಾಣುವುದಕ್ಕೆ ಕಾರಣ, ಹಳೆಯ ಪರೀಕ್ಷಾ ವಿಧಾನ ನಿಜದ್ದನ್ನೂ ಹುಸಿಯದನ್ನೂ ಸೇರಿಸಿ ಎಣಿಸುತ್ತದೆ. ಕ್ಲೋರೆಲ್ಲಾದ ಕೆಲವು ಉತ್ಪನ್ನಗಳಲ್ಲಿ ನಿಜವಾದ ಬಿ12 ಸಿಕ್ಕಿದೆ. ಆದರೆ ಒಂದು ತಯಾರಿಕೆಯಲ್ಲಿ ಇದ್ದದ್ದು ಮತ್ತೊಂದರಲ್ಲಿ ಇರುವುದಿಲ್ಲ, ನೆಚ್ಚಿಕೊಳ್ಳುವಂತಿಲ್ಲ.

ಹಸಿ ಆಹಾರದವರಿಗೆ ಇಲ್ಲಿ ಇನ್ನೊಂದು ಅಪಾಯ ಅಡಗಿದೆ. ಹಸಿ ಸೊಪ್ಪಿನಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ಜೀವಸತ್ವ ಹೇರಳ. ಅದು ಬಿ12 ಕೊರತೆಯಿಂದ ಬರುವ ರಕ್ತಹೀನತೆಯನ್ನು ಮರೆಮಾಚುತ್ತದೆ. ಹಿಮೋಗ್ಲೋಬಿನ್ ಸರಿಯಾಗೇ ಇರುತ್ತದೆ, ಆದರೆ ಒಳಗೆ ನರಗಳು ಸವೆಯುತ್ತಿರುತ್ತವೆ. ಪಾದ ಜುಮುಜುಮು ಎನ್ನುವುದು, ಕತ್ತಲಲ್ಲಿ ನಡೆಯುವಾಗ ಸಮತೋಲ ತಪ್ಪುವುದು, ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರಬಹುದು. ಯಕೃತ್ತಿನಲ್ಲಿ ಹಳೆಯ ದಾಸ್ತಾನು ಇರುವುದರಿಂದ ಮೊದಲ ವರ್ಷ ಏನೂ ಗೊತ್ತಾಗದೆ ಹೋಗುವುದೂ ಉಂಟು.

ಹಾಲು, ಮೊಸರು, ಮಜ್ಜಿಗೆ ಪೂರ್ತಿ ಬಿಟ್ಟವರು ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ದಿನಕ್ಕೆ 50 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ ಒಟ್ಟು 2,000 ಮೈಕ್ರೋಗ್ರಾಂ ಸಾಮಾನ್ಯವಾಗಿ ಹೇಳುವ ಪ್ರಮಾಣ. ಎಲ್ಲ ಔಷಧದಂಗಡಿಯಲ್ಲೂ ಸಿಗುತ್ತದೆ. ಮಜ್ಜಿಗೆ ಬಿಡದವರು ಪುಣ್ಯವಂತರು, ಎರಡು ಲೋಟ ಗಟ್ಟಿ ಮಜ್ಜಿಗೆ ಒಂದು ಮಟ್ಟಿಗೆ ಕಾಯುತ್ತದೆ. ‘ಹಸಿ’ ಎಂಬ ನಿಯಮಕ್ಕಾಗಿ ಕಾಯಿಸದ ಹಾಲು ಕುಡಿಯುವುದು ಮಾತ್ರ ಬೇಡ. ಬ್ರುಸೆಲ್ಲೋಸಿಸ್ ಜ್ವರ ಹಸಿ ಹಾಲಿನಿಂದ ಹಬ್ಬುತ್ತದೆ. ಕಾಯಿಸಿ ಹೆಪ್ಪುಹಾಕಿದ ಮೊಸರಿನ ಮಟ್ಟಿಗೆ ನಿಯಮ ಸಡಿಲಿಸಿ.

ರಕ್ತ ಕಡಿಮೆ ಇದೆ. ಕಬ್ಬಿಣದ ಮಾತ್ರೆ ಬಿಟ್ಟು ಇದನ್ನು ತಿನ್ನಬಹುದಾ?

ಬೇಡ. ನೂರು ಗ್ರಾಂ ಒಣ ಸ್ಪಿರುಲಿನಾದಲ್ಲಿ 28 ಮಿಲಿಗ್ರಾಂನಷ್ಟು ಕಬ್ಬಿಣ, ಮೂರು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಬಸುರಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಹೋಲಿಕೆಯೇ ಇಲ್ಲ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಮನೆಮನೆಯ ಮಾತು. ‘ಇದು ನೈಸರ್ಗಿಕ, ಮಾತ್ರೆ ಉಷ್ಣ’ ಎಂದು ಮಾತ್ರೆ ಬಿಡಿಸುವ ಮಾರಾಟಗಾರರ ಮಾತಿಗೆ ಕಿವಿಗೊಡಬೇಡಿ.

ಬಸುರಿ, ಬಾಣಂತಿ ಅಲ್ಲದವರಿಗೆ ಮಾತ್ರೆಯ ಜೊತೆ ಊಟದ ಭಾಗವಾಗಿ ಸ್ಪಿರುಲಿನಾ ಇರಲಿ, ಅಡ್ಡಿಯಿಲ್ಲ. ಲಿಂಬೆ, ಪೇರಲ, ನೆಲ್ಲಿ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಚಹಾ, ಕಾಫಿ ಅದನ್ನು ತಡೆಯುತ್ತವೆ, ಹಿಂದೆ ಮುಂದೆ ಒಂದೊಂದು ಗಂಟೆ ಬಿಡಿ.

ನಮ್ಮ ಊಟದಲ್ಲಿ ಹೇಗೆ ಬೆರೆಸೋದು?

ನಮ್ಮ ಕಡೆಯ ತಟ್ಟೆಯಲ್ಲಿ ಹಸಿಯದಕ್ಕೆ ಮೊದಲೇ ಜಾಗವಿದೆ. ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯ ಸೊಪ್ಪು, ಮೂಲಂಗಿ, ಹಸಿ ಉಳ್ಳಾಗಡ್ಡಿ, ಗಜ್ಜರಿ, ಸೌತೆ ತಿಂದು ಬೆಳೆದವರಿಗೆ ಪರದೇಶದ ಎಲೆಗಳನ್ನು ಹುಡುಕುವ ಕೆಲಸವಿಲ್ಲ.

ಪಚಡಿ ಎಲ್ಲಕ್ಕಿಂತ ಸುಲಭ. ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪು ಒಂದು ಬಟ್ಟಲು, ಒಂದು ಉಳ್ಳಾಗಡ್ಡಿ, ತುರಿದ ಗಜ್ಜರಿ ಒಂದು, ಮೊಳಕೆ ಮಡಿಕೆ ಅರ್ಧ ಬಟ್ಟಲು, ರಾತ್ರಿ ನೆನೆಸಿದ ಶೇಂಗಾ ಎರಡು ಚಮಚ, ಹಸಿ ಗುರೆಳ್ಳು ಕುಟ್ಟಿದ್ದು ಒಂದು ಚಮಚ. ಉಪ್ಪು, ಲಿಂಬೆ ಹಾಕಿ ಕಲಸಿ, ತಟ್ಟೆಗೆ ಬಡಿಸಿದ ಮೇಲೆ ಶಾವಿಗೆಯಂಥ ಸ್ಪಿರುಲಿನಾ ಎಳೆ ಒಂದು ಗ್ರಾಂ ಉದುರಿಸಿ. ಮೊದಲೇ ಕಲಸಿದರೆ ನೀರು ಬಿಟ್ಟುಕೊಂಡು ಇಡೀ ಪಚಡಿ ಕಡುಹಸಿರು ರಾಡಿಯಾಗುತ್ತದೆ.

ಕುಡಿಯುವುದಕ್ಕಾದರೆ ಒಬ್ಬರಿಗೆ ಬಾಳೆಹಣ್ಣು ಒಂದು, ನೆನೆಸಿದ ಖರ್ಜೂರ ಎರಡು, ಹಸಿ ಕೊಬ್ಬರಿ ತುರಿ ಎರಡು ಚಮಚ, ನೀರು 200 ಮಿಲಿಲೀಟರ್. ಇವನ್ನು ಮೊದಲು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಸ್ಪಿರುಲಿನಾ ಅರ್ಧ ಚಮಚವನ್ನು ಬೇರೆ ಬಟ್ಟಲಿನಲ್ಲಿ ಎರಡು ಚಮಚ ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿಕೊಂಡು ಕೊನೆಗೆ ಸೇರಿಸಿ, ಹತ್ತು ಸೆಕೆಂಡು ಮಾತ್ರ ತಿರುಗಿಸಿ. ಒಣ ಪುಡಿಯನ್ನು ನೇರ ಸುರಿದರೆ ಹೊರಗೆ ಒದ್ದೆ, ಒಳಗೆ ಒಣಗಿದ ಗಂಟುಗಳಾಗಿ ಬಾಯಿಗೆ ಸಿಗುತ್ತವೆ. ಮಿಕ್ಸಿ ಎರಡು ಮೂರು ನಿಮಿಷ ಓಡಿದರೆ ಜಾರಿನ ತಳ ಬಿಸಿಯಾಗುವುದನ್ನು ಕೈಯಿಟ್ಟೇ ನೋಡಬಹುದು.

ಪ್ರಯಾಣಕ್ಕೆ ಉಂಡೆ ಒಳ್ಳೆಯದು. ಬಳ್ಳಾರಿ ಕಡೆಯ ಒಣ ಅಂಜೂರ 100 ಗ್ರಾಂ, ಹಸಿ ಬಿಳಿ ಎಳ್ಳು 50 ಗ್ರಾಂ, ಒಣ ಕೊಬ್ಬರಿ ತುರಿ 30 ಗ್ರಾಂ, ಸ್ಪಿರುಲಿನಾ 5 ಗ್ರಾಂ. ಎಳ್ಳು ಕುಟ್ಟಿ, ಅಂಜೂರ ಅರೆದು, ಎಲ್ಲ ಸೇರಿಸಿ ನಾದಿ ಹತ್ತು ಉಂಡೆ ಕಟ್ಟಿದರೆ ಒಂದರಲ್ಲಿ ಅರ್ಧ ಗ್ರಾಂ ಬರುತ್ತದೆ, ಲೆಕ್ಕ ಸುಲಭ. ಅಂಜೂರ ತೀರಾ ಒಣಗಿದ್ದರೆ ಒಂದೆರಡು ಚಮಚ ನೀರು ಚಿಮುಕಿಸಿ. ನೆನೆಸಿ ಹಾಕಬೇಡಿ, ಉಂಡೆ ಎರಡೇ ದಿನಕ್ಕೆ ಹುಳಿಯುತ್ತದೆ. ಎಳ್ಳು, ಕೊಬ್ಬರಿಯ ಎಣ್ಣೆಯಂಶ ಇರುವುದರಿಂದ ಸ್ಪಿರುಲಿನಾದ ಬೀಟಾ ಕ್ಯಾರೊಟಿನ್ ಕೂಡ ಚೆನ್ನಾಗಿ ಹೀರಿಕೆಯಾಗುತ್ತದೆ.

ಬಿಸಿ ರೊಟ್ಟಿ, ಬಿಸಿ ಸಾರಿಗೆ ಉದುರಿಸಿದರೆ ನೀಲಿ ಪ್ರೋಟೀನ್ ಅಲ್ಲೇ ಹೋಯಿತು.

ಪಾಚಿ ವಾಸನೆ ತಡೆಯೋಕೆ ಆಗಲ್ಲ, ಏನು ಮಾಡೋದು?

ಶುಂಠಿ, ಪುದೀನ, ಚೂರು ಓಂಕಾಳು ವಾಸನೆಯನ್ನು ಅಡಗಿಸುತ್ತವೆ. ಮಾವಿನಹಣ್ಣು, ಪಪ್ಪಾಯಿ, ಅಂಜೂರದ ಗಟ್ಟಿ ಸಿಹಿಯೂ ಕೆಲಸ ಮಾಡುತ್ತದೆ. ಎಳನೀರು, ಕಲ್ಲಂಗಡಿ ರಸದಂಥ ತೆಳು ಪಾನೀಯದಲ್ಲಿ ವಾಸನೆ ಇನ್ನೂ ಎದ್ದು ಕಾಣುತ್ತದೆ. ಲಿಂಬೆ ಒಳ್ಳೆಯದೇ, ಆದರೆ ಹುಳಿಯಲ್ಲಿ ನೀಲಿ ಬಣ್ಣ ಒಡೆದು ತಳಕ್ಕೆ ಇಳಿಯುತ್ತದೆ. ಆದ್ದರಿಂದ ಹಿಂಡಿದ ಕೂಡಲೇ ಕುಡಿದುಬಿಡಿ, ಬಾಟಲಿಯಲ್ಲಿ ತುಂಬಿ ಆಫೀಸಿಗೆ ಒಯ್ಯಬೇಡಿ. ಏನು ಮಾಡಿದರೂ ಆಗದಿದ್ದರೆ ಮಾತ್ರೆಯೇ ಸರಿ. ವಾಸನೆ ಕೊಳೆತ ಮೀನಿನಷ್ಟು ಕಟುವಾಗಿದ್ದರೆ ಮಾತ್ರ ಅದು ನಿಮ್ಮ ಮೂಗಿನ ತಕರಾರಲ್ಲ, ಪುಡಿಯೇ ಕೆಟ್ಟಿದೆ.

ಬೇಸಿಗೆಯಲ್ಲಿ ಎಲ್ಲಿ ಇಡಬೇಕು?

ನಮ್ಮ ಮೂರು ಜಿಲ್ಲೆಗಳಲ್ಲಿ ಪುಡಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಿಸಿ, ಬೆಳಕು, ತೇವ ಮೂರೂ ಅದಕ್ಕೆ ಶತ್ರು. ಒಲೆಯ ಮೇಲಿನ ಗೂಡು, ಪಡುವಣ ಬಿಸಿಲು ಬಡಿಯುವ ಗೋಡೆಯ ಕಪಾಟು ಬೇಡ. ಮಾರ್ಚ್‌ನಿಂದ ಜೂನ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಆದರೆ ತಣ್ಣನೆಯ ಡಬ್ಬಿಯನ್ನು ಹೊರತೆಗೆದ ತಕ್ಷಣ ಮುಚ್ಚಳ ತೆರೆದರೆ ಗಾಳಿಯ ತೇವ ಒಳಗೆ ಬೆವರಾಗಿ ಕೂಡುತ್ತದೆ, ನಾಲ್ಕಾರು ಸಲ ಹೀಗಾದರೆ ಪುಡಿ ಹೆಂಟೆಗಟ್ಟಿ ಬೂಸಲು ಬರುತ್ತದೆ. ವಾರಕ್ಕೆ ಬೇಕಾದ 20 ಗ್ರಾಂನಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ, ದೊಡ್ಡದನ್ನು ಮುಟ್ಟಬೇಡಿ. ಒದ್ದೆ ಚಮಚ ಅದ್ದಲೇಬೇಡಿ.

ಒಂದು ಕಿಲೋ ಪ್ಯಾಕೆಟ್ಟಿನ ರಿಯಾಯಿತಿಗೆ ಮರುಳಾಗದೆ ನೂರು ಗ್ರಾಂನದನ್ನೇ ಕೊಳ್ಳಿ. ಕೊರಿಯರ್‌ನಲ್ಲಿ ತರಿಸುವುದಾದರೆ ಏಪ್ರಿಲ್, ಮೇ ತಿಂಗಳಿನದನ್ನು ಫೆಬ್ರವರಿಯಲ್ಲೇ ತರಿಸಿ. ಬಿಸಿಲಲ್ಲಿ ನಿಂತ ಡಬ್ಬಿಗಾಡಿಯೊಳಗೆ ಎರಡು ದಿನ ಇದ್ದ ಪುಡಿಯಿಂದ ಪೂರ್ತಿ ಗುಣ ನಿರೀಕ್ಷಿಸಬೇಡಿ.

ಕೊಳ್ಳುವಾಗ ಏನೇನು ನೋಡಬೇಕು?

14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ, ತಂಡದ (ಬ್ಯಾಚ್) ಸಂಖ್ಯೆ ಇರಲೇಬೇಕು. ಇಷ್ಟಕ್ಕೇ ತೃಪ್ತರಾಗಬೇಡಿ. ಆ ತಂಡದ ಪ್ರಯೋಗಾಲಯ ವರದಿಯನ್ನು ಮಾರುವವರಿಂದ ಕೇಳಿ ಪಡೆಯಿರಿ. ಅದರಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಅಂಕಿಗಳು, ಮೈಕ್ರೋಸಿಸ್ಟಿನ್ ಪರೀಕ್ಷೆ, ಇ-ಕೊಲೈ, ಸಾಲ್ಮೊನೆಲ್ಲಾ ಇಲ್ಲ ಎಂಬ ಫಲಿತಾಂಶ, ತೇವಾಂಶ ಎಷ್ಟು ಎಂಬುದು ಇರಬೇಕು. ವರದಿ ಕೊಡಲು ಒಪ್ಪದವರಿಂದ ಕೊಳ್ಳಬೇಡಿ. ಈ ಮಾತಿನಲ್ಲಿ ನಮಗೆ ರಾಜಿಯಿಲ್ಲ. ಬೇಯಿಸಿ ತಿನ್ನುವವರಿಗೆ ಕನಿಷ್ಠ ರೋಗಾಣುಗಳಿಂದ ಒಂದು ರಕ್ಷಣೆ ಇದೆ, ಹಸಿ ತಿನ್ನುವವರಿಗೆ ಅದೂ ಇಲ್ಲ.

ಬಣ್ಣದ ಕಲಬೆರಕೆ ಪತ್ತೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ತಣ್ಣೀರಿಗೆ ಕಾಲು ಚಮಚ ಪುಡಿ ಹಾಕಿ, ಕಲಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಒಳ್ಳೆಯ ಸ್ಪಿರುಲಿನಾ ಆದರೆ ನೀಲಿ ನೀರು ಇಳಿಯುತ್ತದೆ, ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ಕೆಂಪು ಹೊಳಪು ಕಾಣುತ್ತದೆ. ಬರೀ ಹಳದಿ ಹಸಿರು ನೀರು ಬಂದರೆ ಪುಡಿ ಬಿಸಿಗೆ ಸಿಕ್ಕಿ ಹಳತಾಗಿದೆ. ಈಗ ಆ ನೀಲಿ ನೀರನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿ. ನಿಜವಾದ ಬಣ್ಣ ಮಾಸಿಹೋಗುತ್ತದೆ, ಕುದಿದ ಮೇಲೂ ನೀಲಿ ಹಾಗೇ ಉಳಿದರೆ ಕೃತಕ ಬಣ್ಣ ಬೆರೆಸಿದ್ದಾರೆ. ಲೋಹ, ಪಾಚಿವಿಷ ಮಾತ್ರ ಇಂಥ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ವರದಿಯೇ ಬೇಕು.

ಮನೆ ತೊಟ್ಟಿಯಲ್ಲಿ ನಾವೇ ಸ್ಪಿರುಲಿನಾ ಬೆಳೆಯಬಹುದಾ?

ಬೆಳೆಯಬಹುದು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದರ ಕೃಷಿಯ ಬಗ್ಗೆ ದಶಕಗಳಿಂದ ಕೆಲಸ ಮಾಡಿದೆ. ಆದರೆ ನಮ್ಮಲ್ಲಿ ನೀರೇ ದೊಡ್ಡ ಸಮಸ್ಯೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಬಹಳಷ್ಟು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಹಟ್ಟಿ ಚಿನ್ನದ ಗಣಿ ಸುತ್ತಲಿನ ಕೆಲವೆಡೆ ಆರ್ಸೆನಿಕ್ ಇದೆ. ಪಾಚಿ ನೀರಿನಲ್ಲಿರುವ ಲೋಹಗಳನ್ನು ಹೀರಿ ತನ್ನೊಳಗೆ ಕೂಡಿಡುತ್ತದೆ. ನೀರಿನಲ್ಲಿ ಸ್ವಲ್ಪವೇ ಇದ್ದದ್ದು ಒಣಪುಡಿಯಲ್ಲಿ ಹಲವು ಪಟ್ಟಾಗುತ್ತದೆ. ಗಡಸು ನೀರು ಇನ್ನೊಂದು ತೊಂದರೆ. ಸೋಡಾ ಹಾಕಿದ ಕೂಡಲೇ ಸುಣ್ಣ ಬಿಳಿ ಗಸಿಯಾಗಿ ಇಳಿದು ಪಾಚಿಯ ಜೊತೆ ಬೆರೆಯುತ್ತದೆ. ಆರ್‌ಒ ನೀರು ಇಲ್ಲವೇ ಸ್ವಚ್ಛ ಮಾಳಿಗೆಯ ಮಳೆನೀರು ಇದ್ದರೆ ಮಾತ್ರ ಇಳಿಯಿರಿ.

ಲೀಟರಿಗೆ ಅಡುಗೆ ಸೋಡಾ ಸುಮಾರು 16 ಗ್ರಾಂ ಬೇಕು. ಉಳಿದ ಪೋಷಕ ಲವಣಗಳು ಆಹಾರ ದರ್ಜೆಯವೇ ಆಗಿರಲಿ, ಹೊಲದ ಗೊಬ್ಬರದಲ್ಲಿ ಲೋಹದ ಕಲ್ಮಶ ಇರುತ್ತದೆ. ಪಿಎಚ್ (ನೀರಿನ ಕ್ಷಾರದ ಅಳತೆ) 9ರಿಂದ 10.5, ನೀರಿನ ಆಳ ಒಂದು ಗೇಣಿಗೆ ಮೀರದಂತೆ, ಬಿಸಿ 30ರಿಂದ 35 ಡಿಗ್ರಿ. ಪಿಎಚ್ 9ಕ್ಕಿಂತ ಇಳಿದರೆ ಬೇರೆ ಪಾಚಿಗಳು ನುಗ್ಗುತ್ತವೆ. ನಮ್ಮ ಬೇಸಿಗೆಯಲ್ಲಿ ತೊಟ್ಟಿಯ ನೀರು 40 ಡಿಗ್ರಿ ಮುಟ್ಟಿದರೆ ಬೆಳೆ ಹಳದಿಯಾಗಿ ನೊರೆಗಟ್ಟಿ ಸಾಯುತ್ತದೆ, ನೆರಳು ಪರದೆ ಇಲ್ಲದೆ ಆಗದು. ದಿನಕ್ಕೆ ನಾಲ್ಕಾರು ಸಲ ಕಲಕಬೇಕು. ಚೆನ್ನಾಗಿ ನೋಡಿಕೊಂಡ ತೊಟ್ಟಿಯಲ್ಲಿ ಚದರ ಮೀಟರಿಗೆ ದಿನಕ್ಕೆ 5ರಿಂದ 8 ಗ್ರಾಂ ಒಣತೂಕ ಬರುತ್ತದೆ. ಸೋಸಿದ ಹಸಿ ಪಾಚಿಯನ್ನು ಶುದ್ಧ ನೀರಿನಲ್ಲಿ ತೊಳೆದು ಹಿಂಡಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಬೇಕು. ವರ್ಷಕ್ಕೊಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಮನಸ್ಸಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಯಾರು ತಿನ್ನಬಾರದು?

ಫಿನೈಲ್‌ಕೀಟೋನ್ಯೂರಿಯಾ (ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಲಾರದ ಹುಟ್ಟುಕಾಯಿಲೆ) ಇರುವವರು ತಿನ್ನಲೇಬಾರದು. ಲೂಪಸ್, ಸಂಧಿವಾತದಂಥ, ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವ ಕಾಯಿಲೆ ಇದ್ದವರು, ಅಂಗಾಂಗ ಕಸಿಯಾಗಿ ಔಷಧ ತಿನ್ನುವವರು ದೂರವಿರಿ, ಪಾಚಿ ರೋಗನಿರೋಧಕ ವ್ಯವಸ್ಥೆಯನ್ನು ಕೆದಕಬಲ್ಲದು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕ್ಲೋರೆಲ್ಲಾ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು, ಅದರಲ್ಲಿರುವ ವಿಟಮಿನ್ ಕೆ ಔಷಧಕ್ಕೆ ಅಡ್ಡಬರುತ್ತದೆ. ಯೂರಿಕ್ ಆಮ್ಲ ಏರಿ ಕಾಲ್ಬೆರಳು ಊದುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಬಿಪಿ, ಸಕ್ಕರೆ ಮಾತ್ರೆ ನಡೆಯುತ್ತಿದ್ದರೆ ಮೊದಲ ತಿಂಗಳು ಆಗಾಗ ಅಳೆಯಿಸಿ, ಅಂಕಿ ಸ್ವಲ್ಪ ಇಳಿಯಬಹುದು.

ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳಿಗೆ ನಾವಾಗಿ ಶಿಫಾರಸು ಮಾಡುವುದಿಲ್ಲ. ಮಕ್ಕಳನ್ನು ಪೂರ್ತಿ ಹಸಿ ಆಹಾರದಲ್ಲಿ ಇಡುವುದಂತೂ ಸರಿಯಲ್ಲ, ಅವರ ಸಣ್ಣ ಹೊಟ್ಟೆಗೆ ಬೇಕಾದಷ್ಟು ಶಕ್ತಿ ಅದರಲ್ಲಿ ಸಿಗುವುದಿಲ್ಲ.

ಹೊಟ್ಟೆ ಉಬ್ಬರ, ತಲೆನೋವು ಶುರುವಾಯಿತು. ‘ಮೈಯೊಳಗಿನ ವಿಷ ಹೊರಗೆ ಹೋಗುತ್ತಿದೆ’ ಅಂತಾರೆ.

ಆ ಮಾತನ್ನು ನಂಬಿ ಮುಂದುವರಿಸಬೇಡಿ. ಮಲ ಕಡುಹಸಿರಾಗುವುದು ಸಹಜ, ಅದು ಪತ್ರಹರಿತ್ತಿನ ಬಣ್ಣ. ಸಣ್ಣ ಗ್ಯಾಸ್ ಕೂಡ ಪ್ರಮಾಣ ಅರ್ಧಕ್ಕಿಳಿಸಿದರೆ ಹೋಗುತ್ತದೆ. ಹಲವು ಸಲ ತಪ್ಪು ಪಾಚಿಯದಲ್ಲ, ಅದೇ ವಾರ ದಿಢೀರನೆ ಹೆಚ್ಚಿಸಿದ ಮೊಳಕೆ ಕಾಳಿನದು. ಆದರೆ ಮೈ ತುರಿಕೆ, ದದ್ದು, ತುಟಿ ಊತ, ಬಿಡದ ವಾಂತಿ, ಕಣ್ಣು ಹಳದಿಯಾಗುವುದು ಕಂಡರೆ ಆ ಕ್ಷಣವೇ ನಿಲ್ಲಿಸಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ. ಕ್ಲೋರೆಲ್ಲಾ ತಿನ್ನುವವರಿಗೆ ಬಿಸಿಲು ಬಿದ್ದ ಜಾಗದಲ್ಲಷ್ಟೇ ಚರ್ಮ ಕೆಂಪಾದರೆ ಅದೂ ನಿಲ್ಲಿಸುವ ಸೂಚನೆ. ಹೊಲದಲ್ಲಿ, ರಸ್ತೆಯಲ್ಲಿ ದುಡಿಯುವವರು ಇದನ್ನು ಬರೀ ಬಿಸಿಲಿನದೆಂದು ತಳ್ಳಿಹಾಕುವುದುಂಟು.

ಥೈರಾಯ್ಡ್ ಇರುವವರು?

ಸ್ಪಿರುಲಿನಾ, ಕ್ಲೋರೆಲ್ಲಾ ಎರಡೂ ಅಯೋಡಿನ್‌ನ ಮೂಲವಲ್ಲ. ಅಯೋಡಿನ್ ಇರುವುದು ಕಡಲಕಳೆಯಲ್ಲಿ. ಕೆಲ್ಪ್ ಎಂಬ ಜಾತಿಯ ಒಂದು ಗ್ರಾಂನಲ್ಲೇ ದಿನಕ್ಕೆ ಬೇಕಾದ 150 ಮೈಕ್ರೋಗ್ರಾಂನ ಹಲವು ಪಟ್ಟು ಇರಬಹುದು, ಅದು ಕೊರತೆಯಷ್ಟೇ ಅಪಾಯ. ಥೈರಾಯ್ಡ್ ಮಾತ್ರೆ ತಿನ್ನುವವರು ಕೆಲ್ಪ್ ಮುಟ್ಟಬೇಡಿ. ಹಸಿ ಆಹಾರದವರು ಪುಡಿ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋಗುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಪಚಡಿಗೆ ಅಯೋಡಿನ್ ಇರುವ ಸಾಧಾರಣ ಉಪ್ಪನ್ನೇ ಹಾಕಿ.

ಒಮೇಗಾ-3 ಇದರಲ್ಲಿ ಸಿಗುತ್ತಾ?

ಸಿಗುವುದಿಲ್ಲ ಎಂದೇ ತಿಳಿಯಿರಿ. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬು ಬೇಕೆಂದರೆ ಅದಕ್ಕೆ ಬೇರೆ ಸೂಕ್ಷ್ಮಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಇದೆ. ಸಸ್ಯಮೂಲದ ಒಮೇಗಾ-3 ಸಾಕೆಂದರೆ ದಿನಕ್ಕೆ ಒಂದು ಚಮಚ ಹಸಿ ಅಗಸಿ ಕುಟ್ಟಿ ತಿನ್ನುವುದು ಅಗ್ಗದ ದಾರಿ, ಆದರೆ ಅದರಲ್ಲಿ ಡಿಎಚ್‌ಎ ಇಲ್ಲ. ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ.

ಇದು ಸಸ್ಯಾಹಾರನಾ?

ಹೌದು. ಕ್ಯಾಪ್ಸೂಲ್ ಆದರೆ ಮೇಲಿನ ಕವಚ ಪ್ರಾಣಿಮೂಲದ ಜೆಲಾಟಿನ್‌ದೋ ಎಂದು ನೋಡಿ, ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರಬೇಕು.

ಗುಣ ಬಂದಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಮುಖದ ಕಳೆ ನೋಡಿ ತೀರ್ಮಾನಿಸಬೇಡಿ. ಶುರು ಮಾಡುವ ಮುನ್ನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಯೂರಿಕ್ ಆಮ್ಲ ಪರೀಕ್ಷೆ ಮಾಡಿಸಿ ಚೀಟಿ ಎತ್ತಿಡಿ. ಮೂರು ತಿಂಗಳಿಗೆ ಮತ್ತೆ ಅವೇ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಬಿ12 ಅಂಚಿನಲ್ಲಿ ಬಂದರೆ ಹೋಮೋಸಿಸ್ಟೀನ್ ಕೂಡ ನೋಡಿಸಿ, ಅದು ಏರಿದ್ದರೆ ಕೊರತೆಯ ಅನುಮಾನ ಬಲವಾಗುತ್ತದೆ. ತೂಕವನ್ನು ಹದಿನೈದು ದಿನಕ್ಕೊಮ್ಮೆ ಬರೆದಿಡಿ. ಮೂರು ತಿಂಗಳಲ್ಲಿ ದೇಹತೂಕದ ಇಪ್ಪತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡದೆಯೇ ಇಳಿದರೆ ದಿನಕ್ಕೊಂದು ಹೊತ್ತು ಬೇಯಿಸಿದ ಊಟಕ್ಕೆ ಮರಳಿ. ಕೈಕಾಲು ಜುಮುಗುಡುತ್ತಿದ್ದು ಬಿ12 ಕಡಿಮೆ ಇದ್ದರೆ ಅಂಗಡಿ ಮಾತ್ರೆಯಲ್ಲಿ ಕಾಲ ಕಳೆಯದೆ ವೈದ್ಯರ ಹತ್ತಿರ ಹೋಗಿ, ಚುಚ್ಚುಮದ್ದು ಬೇಕಾಗಬಹುದು.